ರೊಸೆಂಡೊ ಮಾವನ ಹಲ್ಲಿನ ಗುರುತು

ಮಗುವಿನ ಕೊರಳಲ್ಲಿ ಅಜ್ಜ ಕಟ್ಟಿದ್ದ ಸೀಸದ ಗುಂಡಿನ ಚಿಂತೆ ಪಿಲಾರಳನ್ನು ಅಡುಗೆಮನೆಯಲ್ಲೂ ಬಿಡುತ್ತಿರಲಿಲ್ಲ, ಹಾಸಿಗೆಯಲ್ಲೂ ಬಿಡುತ್ತಿರಲಿಲ್ಲ. ಗುಂಡಿನ ಮೇಲೆ ಎರಡು ಸಣ್ಣ ತಗ್ಗುಗಳಿದ್ದವು. ಅವು ಅವಳ ಮಾವ ದೊನ್ ರೊಸೆಂಡೊ ಅವರ ಮುಂಬಲ್ಲಿನ ಗುರುತು. ಕಾರ್ತಹೇನಾ ನಗರದ ಅಂಚಿನ ಆ ಮೀನುಗಾರರ ಕೇರಿಯಲ್ಲಿ ಬೀಸುಬಲೆಯ ಅಂಚಿಗೆ ಭಾರಕ್ಕೆಂದು ಸೀಸದ ಗುಂಡುಗಳನ್ನು ಹಲ್ಲಿನಿಂದ ಕಚ್ಚಿ ಬಿಗಿಯುವುದು ಎಲ್ಲರ ರೂಢಿ. ಆದರೆ ಬಿರುಗಾಳಿಗೆ ಸಿಕ್ಕಿ ದಡಕ್ಕೆ ಬಂದ ಹರಕು ಬಲೆಯನ್ನು ತಿರುವಿ, ಕಚ್ಚಿದ ಗುರುತನ್ನಷ್ಟೇ ನೋಡಿ, ಇದು ರೊಸೆಂಡೊ ಕೈಯದು ಎಂದು ಜನ ಗೌರವದಿಂದ ಮಡಚಿಡುತ್ತಿದ್ದುದು ಅವರೊಬ್ಬರ ಬಲೆಯನ್ನು ಮಾತ್ರ.

ನೆಲದ ಮೇಲೂ ದೋಣಿಯಲ್ಲಿ ನಿಂತವರಂತೆ ಕಾಲು ಅಗಲಿಸಿ, ಬರಲಿರುವ ಅಲೆಗೆ ಮೈ ಒಡ್ಡುವವರಂತೆ ನಡೆಯುವ ದೀರ್ಘಕಾಯ. ಸೀಸ ಕರಗಿಸುವಾಗ ಕಿಡಿ ಹಾರಿ ಅಂಚು ಸುಟ್ಟ ಹುಲ್ಲಿನ ಟೊಪ್ಪಿ. ಯಾವ ವಾದ ಎಲ್ಲಿಗೇ ಹೋಗಲಿ, ಕೊನೆಯಲ್ಲಿ "ಕಡಲೇ ಹೇಳ್ಲಿ ಬಿಡು" ಎಂಬ ಮುದ್ರೆ. ಕಡಲಿಲ್ಲದ ರಾಜಧಾನಿ ಬೊಗೋಟದಲ್ಲಿ ಓದಿ ಬೆಳೆದ ಪಿಲಾರ್ ಸೊಸೆಯಾಗಿ ಬಂದ ಹೊಸತರಲ್ಲಿ, ಮುಳ್ಳಿಗೆ ಹೆದರಿ ಮೀನನ್ನು ತಟ್ಟೆಯಲ್ಲಿ ಕೆದಕುತ್ತಾ ಕೂತಿದ್ದಾಗ, ಉಳಿದವರು ಮುಸಿಮುಸಿ ನಗುತ್ತಿರುವಂತೆಯೇ, ತುಟಿ ಎರಡು ಮಾಡದೆ ಅವಳ ಮೀನಿನ ಮುಳ್ಳೆಲ್ಲ ಬಿಡಿಸಿ ಕೊಟ್ಟವರು ಅವರು. ಅಂಥವರಿಗೆ ಎದುರು ಹೇಳುವುದು ಹೇಗೆ?

ಹಳೆಯ ಬ್ಯಾಟರಿಗಳ ಸೀಸವನ್ನು ಅವರು ಕರಗಿಸುತ್ತಿದ್ದುದು ತೆಂಗಿನ ಹಾಲಿನ ಅನ್ನ ಬೇಯುವ ಹಿತ್ತಲಿನ ಒಲೆಯ ಮೇಲೆಯೇ. ಪಿಲಾರಳ ಇನ್ನೂ ಮಾತು ಬಾರದ ಮಗ ಎಮಿರೊ ಒಂದು ದಿನ ಅಲ್ಲಿ ಬಿದ್ದಿದ್ದ ಗುಂಡೊಂದನ್ನು ಬಾಯಿಗಿಟ್ಟು, ಥೇಟ್ ಅಜ್ಜನಂತೆ ಕತ್ತು ಓರೆಮಾಡಿ ಕಚ್ಚಿದ. ಮನೆಯೆಲ್ಲ ನಗುವೋ ನಗು. ಅಜ್ಜನ ಆನಂದಕ್ಕೆ ಪಾರವಿಲ್ಲ. ತಾವು ಕಚ್ಚಿದ ಗುಂಡೊಂದಕ್ಕೆ ದಾರ ಪೋಣಿಸಿ ಮೊಮ್ಮಗನ ಕೊರಳಿಗೆ ಕಟ್ಟಿದರು.

ಲಸಿಕೆ ಹಾಕಿಸಲು ಹೋದಾಗ ಮಕ್ಕಳ ಡಾಕ್ಟರ್ ಒಫೆಲಿಯಾ ಅದನ್ನು ನೋಡಿ ಸೂಜಿಯನ್ನು ಕೆಳಗಿಟ್ಟರು. ಸೀಸ ಮೈಸೇರಿದರೆ ಹೊರಗೇನೂ ಕಾಣದು, ಬುದ್ಧಿ ಅರಳುವ ವಯಸ್ಸಿನಲ್ಲೇ ಒಳಗೊಳಗೆ ಕೆಡಿಸುತ್ತದೆ, ರಕ್ತ ಪರೀಕ್ಷಿಸದೆ ತಿಳಿಯುವ ದಾರಿಯಿಲ್ಲ ಎಂದರು. ಮನೆಯಲ್ಲಿ ಕೇಳಿ ಫೋನ್ ಮಾಡುತ್ತೇನೆಂದು ಪಿಲಾರ್ ತಲೆತಗ್ಗಿಸಿ ಬಂದಳು. ವಾರಗಳು ಕಳೆದರೂ ಮಾಡಲಿಲ್ಲ. ರಾತ್ರಿ ಅವಳು ದಾರ ಬಿಚ್ಚಿಡುವಳು. ಬೆಳಿಗ್ಗೆ ಅಜ್ಜ ಮುದ್ದಿನಿಂದ ಮತ್ತೆ ಕಟ್ಟುವರು.

ಗುಂಡನ್ನು ಚೀಪುತ್ತಲೇ ಎಮಿರೊ ನಿದ್ದೆಹೋದ ಒಂದು ಮಧ್ಯಾಹ್ನ ಅವಳಿಗೆ ತಡೆಯಲಾಗಲಿಲ್ಲ. ಡಾಕ್ಟರು ಹೇಳಿದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿಬಿಟ್ಟಳು. ಅವರು ನಕ್ಕರು.

"ಬೊಗೋಟದೋಳು ನೀನು, ಉಪ್ಪುಗಾಳಿಗೂ ಹೆದರ್ತೀಯ. ಚಿಕ್ಕಂದಿನಿಂದ ಕಚ್ಕೊಂಡೇ ಬಂದಿದೀನಿ, ನನಗೇನಾಗಿದೆ ಮಗಳೇ?"

"ಏನಾಗಿದೆ ಅಂತ ಯಾರೂ ನೋಡೇ ಇಲ್ವಲ್ಲ ಮಾವ."

ಅವರು ಕೈಯನ್ನು ಬೆಳಕಿಗೆ ಹಿಡಿದರು. ಇಷ್ಟು ದಿನ ಮುಪ್ಪಿನದೆಂದುಕೊಂಡಿದ್ದ ಬೆರಳಿನ ನಡುಕವನ್ನು ಬಹಳ ಹೊತ್ತು ನೋಡಿಕೊಂಡರು. ಕಡಲೇ ಹೇಳಲಿ ಎಂಬ ಮಾತು ಆ ದಿನ ಬರಲಿಲ್ಲ.

ಮರುದಿನ ಬೆಳಿಗ್ಗೆ ಹಿತ್ತಲಲ್ಲಿ ಒಲೆ ಇರಲಿಲ್ಲ. ಮಾವ ಅದರಡಿಯ ಮಣ್ಣನ್ನೂ ಬಗೆದು ಹೊತ್ತೊಯ್ದಿದ್ದರು. ದೊನ್ ರೊಸೆಂಡೊ ಮನೆಗಳಿಂದ ದೂರ ದಡದ ಕೊನೆಯಲ್ಲಿ, ಕೈಯಲ್ಲಿ ಇಕ್ಕಳ ಹಿಡಿದು ಗುಂಡು ಬಿಗಿಯುತ್ತ ಕೂತಿದ್ದರು. ಮಗುವಿನ ಕೊರಳಿನ ಗುಂಡು ಅವರ ಬಲೆಯ ಅಂಚು ಸೇರಿತ್ತು. ಹಾದುಹೋದ ಗೆಳೆಯನೊಬ್ಬ ಬಿಡುತ್ತಾನೆಯೇ?

"ಏನೋ ರೊಸೆಂಡೊ, ಹಲ್ಲುದುರಿತಾ?"

"ಹಲ್ಲು ಗಟ್ಟಿಯಾಗೇ ಇದೆ ಕಣೋ. ಮೊಮ್ಮಗನೂ ಗಟ್ಟಿಯಾಗಿರ್ಲಿ ಅಂತ."

ಗಂಡನ ಬುತ್ತಿ ಹಿಡಿದು ದೋಣಿಯ ಬಳಿ ಬಂದಿದ್ದ ಪಿಲಾರ್ ಈ ಮಾತು ಕೇಳಿ ಹತ್ತಿರ ಬಂದಳು. ಅವಳನ್ನು ಕಂಡ ಮಾವ ಇಕ್ಕಳದಿಂದ ತಲೆಯೆತ್ತದೆಯೇ ಹೇಳಿದರು: "ಡಾಕ್ಟರಮ್ಮಂಗೆ ಫೋನ್ ಮಾಡು. ನನ್ನ ಹೆಸರೂ ಬರೆಸು."

ಕಸುಬನ್ನೇ ಮರ್ಯಾದೆ ಎಂದು ಬಾಳಿದವರನ್ನು ಹಠಮಾರಿಗಳೆಂದು ಕರೆದು ನಾವು ಓದಿದವರು ದೂರ ಸರಿಯುತ್ತೇವೆ. ಆದರೆ ಜೀವಮಾನವಿಡೀ ಗಂಟು ಬಿಗಿದ ಕೈಗಳಿಗೆ, ಬಿಚ್ಚಬೇಕಾದ ಗಂಟು ಯಾವುದೆಂದು ತಿಳಿದ ಮೇಲೆ, ಬಿಚ್ಚುವುದಕ್ಕೆ ಒಂದು ರಾತ್ರಿ ಸಾಕು. ನಮ್ಮಂಥವರು ಫೋನಿನ ಮುಂದೆ ವಾರಗಟ್ಟಲೆ ಕೂರುತ್ತೇವೆ.

ಪಿಲಾರ್ ಅಲ್ಲೇ ಮರಳಿನ ಮೇಲೆ ನಿಂತು ಫೋನ್ ಮಾಡಿದಳು.

"ಡಾಕ್ಟರ್, ನಾನು ಎಮಿರೊನ ತಾಯಿ. ನಾಳೆ ಇಬ್ಬರನ್ನ ಕರ್ಕೊಂಡು ಬರ್ತೀನಿ. ಮೊದಲು ಅಜ್ಜನ ರಕ್ತ ತಗೊಳ್ಳಿ. ಅವರು ಮಾಡಿದ್ದನ್ನೇ ಹುಡುಗನೂ ಮಾಡ್ತಾನೆ."