ಕಾಯಿ ಕಟ್ಟಿದ ಟೊಂಗೆ

ಅಳವಂಡಿಯ ಕಳಕಮ್ಮ ಜ್ವರದಿಂದೆದ್ದು ಹೂವಿನ ತೋಟಕ್ಕೆ ಬಂದಾಗ ಕನಕಾಂಬರದ ಅರ್ಧ ಗಿಡಗಳು ಜೋತುಬಿದ್ದಿದ್ದವು. ಬೇರಿಗೆ ಸೊರಗು ರೋಗ ಹತ್ತಿತ್ತು.

ಮದುವೆಯಾಗಿ ಬರುವಾಗ ಕಾರಟಗಿಯ ಅವ್ವ ಒಂದು ಟೊಂಗೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಕೊಟ್ಟಿದ್ದಳು. ಆ ತಳಿ ಬೀಜ ಕಟ್ಟುವುದಿಲ್ಲ; ಟೊಂಗೆ ಮುರಿದು ನೆಟ್ಟೇ ಬೆಳೆಸಬೇಕು. ಹಾಗಾಗಿ ತೋಟದ ಗಿಡಗಳೆಲ್ಲ ಅದೊಂದರ ತುಂಡುಗಳೇ. ಒಂದಕ್ಕೆ ತಗಲಿದ್ದು ಎಲ್ಲಕ್ಕೂ ತಗಲುತ್ತಿತ್ತು. ಅವ್ವ ತೀರಿಕೊಂಡ ಮೇಲೆ ಕಳಕಮ್ಮನಿಗೆ ಉಳಿದಿದ್ದ ತವರೆಂದರೆ ಆ ಗಿಡಗಳೇ.

"ಸೋಮವಾರ ಎಲ್ಲಾ ಕಿತ್ತು ಸುಟ್ಟುಬಿಡೋಣು," ಎಂದ ಗಂಡ ದೊಡ್ಡಬಸಪ್ಪ. "ಸತ್ತದ್ದಕ್ಕ ನೀರು ಹಾಕಿದ್ರ ಎದ್ದು ಕುಂದ್ರತೈತೇನ?"

ಅವಳು ಕೊಡ ಬಗ್ಗಿಸಿದಳು. ಬದುವಿನ ಗಿಡಕ್ಕೆ ನೀರು ಸಿಡಿದದ್ದೇ ತಡ, ಚಟ್ ಎಂದು ಏನೋ ಹಾರಿ ಕೆನ್ನೆಗೆ ಬಡಿಯಿತು. ಬಾಗಿ ನೋಡಿದಳು. ಆ ಗಿಡದ ಒಂದು ಟೊಂಗೆ ಮೊದಲಿಂದಲೂ ಬೇರೆ ಥರ: ಎಲೆ ದಪ್ಪ, ಹೂವು ದೊಡ್ಡದು. ಈಗ ಅದರ ಒಣ ತೆನೆಯಲ್ಲಿ ಕಾಯಿಗಳು! ನೀರು ತಾಕಿದ್ದೊಂದು ಸಿಡಿದು ಬೀಜ ಚಿಮ್ಮಿಸಿತ್ತು.

ಬೀಜಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಕೊಪ್ಪಳದ ಬಸ್ಸು ಹತ್ತಿದಳು. ಸಸ್ಯಶಾಸ್ತ್ರ ಕಲಿಸಿ ನಿವೃತ್ತರಾದ ವಿರೂಪಾಕ್ಷಮ್ಮ ಅಲ್ಲಿ ಅವಳ ಹೂವಿನ ಹಳೆಯ ಗಿರಾಕಿ.

"ಮೊದಲು ಗಂಜಿ ಕುಡಿ. ಮುಖ ನೋಡ್ಕೊಂಡೀಯೇನ?" ಎಂದರು ಅವರು. ಬಟ್ಟಲು ಖಾಲಿಯಾಗುವವರೆಗೆ ಗಂಟು ಬಿಚ್ಚಗೊಡಲಿಲ್ಲ.

ಆಮೇಲೆ ಬೀಜಗಳನ್ನು ಅಂಗೈಯಲ್ಲಿ ಹರಡಿಕೊಂಡು, ಆ ಟೊಂಗೆಯ ಎಲೆ, ಹೂವು ಹೇಗಿವೆ ಎಂದು ಕೇಳಿ ತಿಳಿದುಕೊಂಡರು.

"ನಿನ್ನ ಗಿಡದೊಳಗ ವಂಶದ ಗುಣ ಹೊರೋ ವರ್ಣತಂತುಗಳು ಒಂದೊಂದು ಥರದವು ಮೂರ್ಮೂರು ಅದಾವ. ಬೀಜ ಕಟ್ಟಾಕ ಒಂದಕ್ಕೊಂದು ಜೋಡಿ ಬೇಕವಾ. ಮೂರನೇದ್ದಕ್ಕ ಜೋಡಿ ಎಲ್ಲಿಂದ ಬರಬೇಕು? ಈ ಟೊಂಗಿ ಚಿಗುರೋ ಮುಂದ ಅವು ಇಮ್ಮಡಿ ಆಗಿ, ಆರಾಗ್ಯಾವ ಅನಸ್ತೈತಿ. ಈಗ ಎಲ್ಲಾಕ್ಕೂ ಜೋಡಿ ಸಿಕ್ಕೈತಿ."

"ಮತ್ತ ಇಷ್ಟು ವರ್ಷ ಯಾಕ ಕಾಯಿ ಆಗ್ಲಿಲ್ರಿ?"

"ನೀ ಹೂವು ಗಿಡದಾಗ ಬಿಟ್ಟಿದ್ದಿಯೇನ?"

ಅರಳಿದ ಹೂವನ್ನು ಗಿಡದಲ್ಲಿ ಬಿಡುವುದು ಕಳಕಮ್ಮನ ಕೈಗೆ ಗೊತ್ತೇ ಇರಲಿಲ್ಲ. ಜ್ವರ ಬಂದದ್ದರಿಂದ ಈ ಸಲ ಹೂವು ಕೊಯ್ಯದೆ ಉಳಿದಿತ್ತು.

"ಇದರಿಂದ ಅವ್ವನ ಗಿಡ ಉಳಿತಾವೇನ್ರಿ?"

ವಿರೂಪಾಕ್ಷಮ್ಮ ಅವಳ ಕೈ ಹಿಡಿದರು. "ಇಲ್ಲವಾ. ಅವು ಹೋಗ್ತಾವ. ಇದು ಇನ್ನ ಅವುಗಳ ಜೊತಿ ಕೂಡಿ ಬಾಳೇವು ಮಾಡಂಗಿಲ್ಲ. ತನ್ನ ಮಕ್ಕಳ ಜೊತಿಗೇ ವಂಶ ಬೆಳಸಬೇಕು. ಹೊಸ ಜಾತಿ ಹಿಂಗೂ ಹುಟ್ತಾವ. ನಾವು ತಿನ್ನೋ ಶೇಂಗಾ, ಗೋಧಿ ಹಿಂಗ ಹುಟ್ಟಿದ್ದು. ರೋಗ ತಡಿತೈತೋ ಇಲ್ಲೋ, ಅದು ನನಗೂ ಗೊತ್ತಿಲ್ಲ."

ಸೋಮವಾರ ದೊಡ್ಡಬಸಪ್ಪ ಗಿಡಗಳನ್ನು ಕಿತ್ತ. ಬದುವಿನ ಆ ಒಂದನ್ನು ಮಾತ್ರ ಬಿಟ್ಟು, ಹೇಳದೆ ಕೇಳದೆ ಸುತ್ತ ಮುಳ್ಳುಬೇಲಿ ಕಟ್ಟಿದ. ಬೆಂಕಿಗೆ ಕೊನೆಯ ಹೊರೆಯನ್ನು ಕಳಕಮ್ಮನೇ ಹಾಕಿದಳು. ಉಳಿದ ಕಾಯಿ ಮಾಗುವಷ್ಟರಲ್ಲಿ ಬದುವಿನ ಗಿಡವೂ ಒಣಗಿತು.

ಒಡೆದ ಕೊಡದಲ್ಲಿ ಹಾಕಿದ ಬೀಜಗಳಲ್ಲಿ ಕೆಲವು ಮೊಳೆತವು. ಅವೇ ದಪ್ಪ ಎಲೆ. ಮುಂದಿನ ವರ್ಷ ಹಳೆಯ ಮಣ್ಣಿನಲ್ಲೇ ನೆಟ್ಟಳು. ಒಂದೆರಡು ಸೊರಗಿದವು, ಉಳಿದವು ನಿಂತು ತೆನೆ ಬಿಟ್ಟವು.

ಮೊದಲ ಹೂವು ಅರಳಿದ ಬೆಳಿಗ್ಗೆ ಕಳಕಮ್ಮನ ಕೈ ರೂಢಿಯಂತೆ ಮುಂದೆ ಹೋಗಿ ಅಲ್ಲೇ ನಿಂತಿತು.

"ಅಷ್ಟು ಛಲೋ ಹೂವು, ಹಂಗ ಬಾಡಾಕ ಬಿಡ್ತೀಯೇನಬೇ?" ಎಂದಳು ಬದುವಿನಾಚೆಯಿಂದ ನೆರೆಯ ದುರಗಮ್ಮ. "ಮುಡಿಯೋರು ಸತ್ತಾರೇನ ಊರಾಗ?"

"ಈ ಸಲ ಮುಡಿಯಾಕಲ್ಲ," ಎಂದು ಕಳಕಮ್ಮ ಖಾಲಿ ಬುಟ್ಟಿ ಎತ್ತಿಕೊಂಡಳು.