ಅಣ್ಣತಮ್ಮಂದಿರ ಮೆಟ್ಟಿಲು

ಎಷ್ಟೋ ವರ್ಷ ಹಾಳುಬಿದ್ದಿದ್ದ ಕಲ್ಲಿನ ಕ್ವಾರಿಯನ್ನು ಈಗ ರಂಗಮಂದಿರ ಮಾಡಿದ್ದರು. ಮಾಡುವುದಕ್ಕೆ ಅಲ್ಲಿ ಹೆಚ್ಚೇನೂ ಇರಲಿಲ್ಲ. ಕಲ್ಲುಕುಟಿಗರು ಮೇಲಿನಿಂದ ಕೆಳಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಕಡಿದುಕೊಂಡು ಹೋದ ಗುಂಡಿ ಅದು. ಮೆಟ್ಟಿಲ ಮೇಲೆ ಜನ ಕೂರಬೇಕು, ತಳದಲ್ಲಿ ನಾಟಕ ಆಡಬೇಕು, ಅಷ್ಟೆ. ನಿಂತ ನೀರು ಖಾಲಿ ಮಾಡಿಸಿ, ದೀಪ ಕಟ್ಟಿ, ಮುಂದೆ ಒಂದು ಸಾಲು ಕುರ್ಚಿ ಹಾಕಿಸಿ, ಮೆಟ್ಟಿಲಿಗೆಲ್ಲ ಬಿಳಿ ಬಣ್ಣದಲ್ಲಿ ನಂಬರು ಬರೆಸಿದರು.

ಆ ನಂಬರೇ ಎಡವಟ್ಟಾಯಿತು. ಕ್ವಾರಿ ನಡೆಯುತ್ತಿದ್ದ ಕಾಲದಲ್ಲಿ ಒಂದೊಂದು ಮನೆಯವರಿಗೆ ಒಂದೊಂದು ಮೆಟ್ಟಿಲು; ಒಬ್ಬರ ಮೆಟ್ಟಿಲಿಗೆ ಇನ್ನೊಬ್ಬರು ಉಳಿ ಇಡುವಂತಿರಲಿಲ್ಲ. ಹಾಗಾಗಿ ಮೊದಲ ನಾಟಕದ ದಿನ ಕಲ್ಲಿನವರ ಕೇರಿಯ ಹೆಂಗಸರು ಟಿಕೆಟ್ಟನ್ನು ಕೈಯಲ್ಲಿ ಮುದುರಿಕೊಂಡು ಸೀದಾ ತಂತಮ್ಮ ಮನೆಯ ಮೆಟ್ಟಿಲಿಗೇ ಹೋಗಿ ಕೂತರು.

“ಅಮ್ಮಾ, ನಂಬರ್ ನೋಡಿ, ಇದು ಇವರ ಸೀಟು” ಎಂದ ಟಿಕೆಟ್ ನೋಡುವವನು.

“ನಂಬರು ನೀನು ಮೊನ್ನೆ ಬರೆದದ್ದಪ್ಪಾ. ಕಲ್ಲು ನಮ್ಮ ಮಾವ ಕಡಿದದ್ದು” ಎಂದು ಮುದುಕಿಯೊಬ್ಬಳು ಇನ್ನಷ್ಟು ಅಗಲವಾಗಿ ಕೂತಳು.

ಕೇರಿಯವರೆಲ್ಲ ದೊಡ್ಡಮ್ಮ ಎಂದು ಕರೆಯುತ್ತಿದ್ದವಳೂ ಹಾಗೇ ಇಳಿದು ಬಂದಳು. ಗಂಡನಿಗೆ ಬುತ್ತಿ ಹೊತ್ತು ತಂದು ರೂಢಿಯಾಗಿದ್ದ ಕಾಲು ತನ್ನಷ್ಟಕ್ಕೆ ಅವನ ಮೆಟ್ಟಿಲಲ್ಲಿ ನಿಂತಿತು. ಕೂತ ಮೇಲೆ ನೋಡುತ್ತಾಳೆ, ಆಚೆ ತುದಿಯಲ್ಲಿ ಓರಗಿತ್ತಿ. ಇಬ್ಬರ ಗಂಡಂದಿರೂ ಅಣ್ಣತಮ್ಮಂದಿರು, ಮೆಟ್ಟಿಲು ಒಂದೇ, ಬೇರೆಲ್ಲಿ ಕೂತಾಳು? ಏಳೋಣವೆಂದರೆ ಇಡೀ ಕೇರಿಯ ಕಣ್ಣು ಇವರ ಮೇಲೆ.

“ನೋಡ್ರೇ, ನಾಟಕ ಇಲ್ಲೇ ಶುರುವಾಯ್ತು” ಎಂದು ಹಿಂದೆ ಯಾರೋ ಅಂದರು.

ಓರಗಿತ್ತಿಯ ಗಂಡ, ದೊಡ್ಡಮ್ಮನ ಮೈದುನ, ಅವನಿಗೆ ಉಳಿ ಸುತ್ತಿಗೆಗಿಂತ ನಾಟಕದ ಮೇಲೇ ಜೀವ. ಕೆಲಸ ಬಿಡುತ್ತೇನೆ ಎಂದವನನ್ನು ಅಣ್ಣ, ಈ ಮೆಟ್ಟಿಲು ಮುಗಿಸಿ ಹೋಗೆಂದು ತಡೆದಿದ್ದ. ಮುಗಿಸುವಾಗಲೇ ಚಕ್ಕೆ ಸಿಡಿದು ತಮ್ಮನ ಕಣ್ಣು ಹೋಯಿತು, ಅದರೊಂದಿಗೆ ನಾಟಕವೂ. ಗಂಡನ ಪರವಾಗಿ ದೊಡ್ಡಮ್ಮ ಒಂದು ಮಾತಾಡಿದಳು, ಓರಗಿತ್ತಿ ನಾಲ್ಕು ಮಾತಾಡಿದಳು, ಅಲ್ಲಿಗೆ ಮಾತೇ ನಿಂತಿತು. ಅಣ್ಣತಮ್ಮಂದಿರಿಬ್ಬರೂ ಮಣ್ಣಿಗೆ ಹೋದರೂ ಜಗಳ ಮನೆಯಲ್ಲೇ ಉಳಿಯಿತು. ಸಾಯುವುದರೊಳಗೆ ಒಮ್ಮೆ ಅವಳು ಅಕ್ಕಾ ಎಂದು ಕರೆದರೆ ಸಾಕು ಎನ್ನುವುದು ದೊಡ್ಡಮ್ಮನಿಗಿದ್ದ ಒಂದೇ ಆಸೆ. ಅದನ್ನು ಅವಳು ಯಾರ ಮುಂದೆಯೂ ಬಾಯಿಬಿಟ್ಟು ಹೇಳಿದವಳಲ್ಲ.

ಓರಗಿತ್ತಿಯ ಮಗಳು ಮಾತ್ರ ದೊಡ್ಡಮ್ಮನ ಹಿತ್ತಿಲ ಬಾಗಿಲು ಬಿಟ್ಟಿರಲಿಲ್ಲ. ಅಪ್ಪನ ಹುಚ್ಚು ಅವಳಿಗೂ ಹತ್ತಿತ್ತು. ಇವತ್ತಿನ ನಾಟಕದಲ್ಲಿ ಅವಳದೇ ಮುಖ್ಯ ಪಾತ್ರ. ಟಿಕೆಟ್ ಕೊಡುವಾಗ, “ತಪ್ಪಿಸಬೇಡ ದೊಡ್ಡಮ್ಮಾ, ನಿನ್ನ ಮುಖ ಕಾಣದಿದ್ರೆ ನಂಗೆ ಮಾತೇ ಹೊರಡಲ್ಲ” ಅಂದಿದ್ದಳು.

“ನಿಮ್ಮಮ್ಮ?”

“ಅವಳಿಗೂ ಕೊಟ್ಟಿದ್ದೀನಿ. ಎಲ್ಲೋ ಒಂದು ಕಡೆ ಕೂತಿರ್ತಾಳೆ ಬಿಡು.”

ಹೊತ್ತು ಮುಳುಗಿತು, ದೀಪ ಹತ್ತಿತು. ಹುಡುಗಿ ರಂಗದ ನಡುವೆ ಬಂದು ನಿಂತವಳೇ ಮುಂದಿನ ಸಾಲಿನ ಕಡೆ ನೋಡಿದಳು. ಅಲ್ಲಿ ಅಕ್ಕಪಕ್ಕದ ಎರಡು ಕುರ್ಚಿ ಖಾಲಿ. ಅವಳ ಮೊದಲ ಮಾತು ಹೊರಡಲೇ ಇಲ್ಲ. ಎದುರಿದ್ದ ನಟ ತನ್ನ ಮಾತನ್ನೇ ಇನ್ನೊಮ್ಮೆ ಹೇಳಿದ. ಅವಳು ಹೇಗೋ ಮುಂದುವರಿಸಿದಳು, ಆದರೆ ಕಣ್ಣು ಮತ್ತೆ ಮತ್ತೆ ಆ ಕುರ್ಚಿಗಳಿಗೇ ಹೋಗುತ್ತಿತ್ತು.

ದೊಡ್ಡಮ್ಮ ಮುದುರಿದ ಟಿಕೆಟ್ ಬಿಡಿಸಿ ನೋಡಿದಳು. ಕುರ್ಚಿಯ ಸಾಲಿನದು. ಆಚೆ ತುದಿಯಲ್ಲಿ ಓರಗಿತ್ತಿಯೂ ಚೀಲ ತಡಕಿ ತನ್ನದನ್ನು ತೆಗೆದಿದ್ದಳು. ತಮ್ಮನ್ನು ಅಕ್ಕಪಕ್ಕ ಕೂರಿಸುವ ಹುಡುಗಿಯ ಉಪಾಯ ಇಬ್ಬರಿಗೂ ಒಟ್ಟಿಗೇ ಹೊಳೆಯಿತು. ಎದ್ದು ಒಬ್ಬಳೇ ಹೋಗಬಹುದಿತ್ತು. ಆದರೆ ಒಂದು ಕುರ್ಚಿ ತುಂಬಿದರೆ ಖಾಲಿ ಉಳಿದದ್ದು ಇನ್ನಷ್ಟು ಎದ್ದು ಕಾಣುತ್ತದೆ. ದೊಡ್ಡಮ್ಮ ಕಾದಳು. ಕೆಳಗೆ ಹುಡುಗಿ ಇನ್ನೊಂದು ಮಾತು ತಪ್ಪಿದಳು.

“ಅಕ್ಕಾ.”

ದೊಡ್ಡಮ್ಮ ತಿರುಗಿದರೆ, ಓರಗಿತ್ತಿ ಆಚೆ ತುದಿಯಿಂದ ಸರಿದು ಪಕ್ಕಕ್ಕೇ ಬಂದಿದ್ದಳು.

“ಕೈ ಕೊಡು. ಮೊಣಕಾಲು ಹಿಡ್ಕೊಂಡಿದೆ. ಬೇರೇನೂ ಅಂದ್ಕೋಬೇಡ.”

ಇಬ್ಬರೂ ಒಬ್ಬರ ಮೇಲೊಬ್ಬರು ಭಾರ ಬಿಟ್ಟು ಇಳಿದರು. ಟಿಕೆಟ್ ನೋಡುವವನು ಅಡ್ಡ ಬಂದ. “ನಾಟಕದ ಮಧ್ಯ ಎಲ್ಲಿಗಮ್ಮಾ?”

“ನಿನ್ನ ನಂಬರಿಗೇ ಕಣಪ್ಪಾ. ಒಂದು ಹೇಳ್ತೀಯ, ಕೇಳಿದರೆ ತಡೀತೀಯ” ಎಂದಳು ಓರಗಿತ್ತಿ.

ಅವರು ಕೂತದ್ದನ್ನು ಹುಡುಗಿ ನೋಡಿದಳು. ಆಮೇಲಿನ ಅವಳ ಮಾತು ಬಂಡೆಗೆ ತಾಕಿ ಮೇಲಿನ ಮೆಟ್ಟಿಲವರೆಗೂ ಏರಿತು.

“ಮೈದುನನದೇ ಧ್ವನಿ” ಎಂದಳು ದೊಡ್ಡಮ್ಮ ಮೆಲ್ಲಗೆ.

ಓರಗಿತ್ತಿ ರಂಗದಿಂದ ಕಣ್ಣು ಕೀಳಲಿಲ್ಲ. “ಅವತ್ತು ಭಾವ ತಡೀದೆ ಇದ್ದಿದ್ರೆ ಅವರೂ ಆಡ್ತಿದ್ರು.”

ಗಂಡನ ಪರವಾಗಿ ಹೇಳಲು ಈಗಲೂ ಮಾತಿತ್ತು. ಮನೆಯಲ್ಲಿ ಅನ್ನಕ್ಕೇ ತತ್ವಾರವಿದ್ದ ಕಾಲ ಅದು. ದೊಡ್ಡಮ್ಮ ಅದನ್ನು ನುಂಗಿಕೊಂಡಳು.

“ಹೌದು. ತಡೀಬಾರದಿತ್ತು.”

ಓರಗಿತ್ತಿ ಅಂಗೈಯಿಂದ ಕಣ್ಣೊರೆಸಿಕೊಂಡು, ಮುಖ ತಿರುಗಿಸದೆ ಅಂದಳು: “ಸುಮ್ನಿರಕ್ಕ. ಮಗು ಮಾತಾಡ್ತಿದ್ದಾಳೆ.”