ಮುಚ್ಚಳಕ್ಕೆ ಅಂಟಿದ್ದು

ಆ ಪುಟ್ಟ ಸೀಸೆಯ ಬೆಲೆ ಅವಳ ಎರಡು ತಿಂಗಳ ಸಂಬಳ. ಒಳಗಿದ್ದದ್ದು ಕಣ್ಣಿಗೆ ಕಂಡೂ ಕಾಣದಷ್ಟು ಇಂಟರ್‌ಫೆರಾನ್ ಪುಡಿ. ವೈರಸ್ ನುಗ್ಗಿದಾಗ ನಮ್ಮ ಮೈಯ ಜೀವಕೋಶಗಳು ಅಕ್ಕಪಕ್ಕದವನ್ನು ಎಚ್ಚರಿಸಲು ಹೊರಬಿಡುವ ಪ್ರೋಟೀನು ಅದು. ಮನುಷ್ಯನ ಜೀನನ್ನು ಬ್ಯಾಕ್ಟೀರಿಯಾದೊಳಗೆ ಸೇರಿಸಿ, ಅದರ ಕೈಯಲ್ಲಿ ಮಾಡಿಸಿದ್ದು.

ಲ್ಯಾಬಿನಲ್ಲಿ ಅವಳ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಗಂಡ ಕಾಲು ಮುರಿದುಕೊಂಡು ಮನೆಯಲ್ಲಿದ್ದ. ಆ ಬೆಳಿಗ್ಗೆ ಸೀಸೆಯ ಮುಚ್ಚಳ ತೆಗೆದು ಕಸದ ಚೀಲಕ್ಕೆ ಹಾಕಿದಳು, ಪುಡಿ ಕರಗಿಸಲು ಸೀಸೆಗೆ ದ್ರಾವಣ ಸುರಿದಳು. ಮುಚ್ಚಳದ ಒಳಗೆ ಬಿಳಿ ಕಲೆಯೊಂದು ಇದ್ದದ್ದು ಆಮೇಲೆ ನೆನಪಾಯಿತು. ಸಾಗಣೆಯಲ್ಲಿ ಅಲುಗಾಡಿದ ಪುಡಿ ಮೇಲಕ್ಕೆ ಅಂಟಿರುತ್ತದೆ. ತೆರೆಯುವ ಮೊದಲು ಯಂತ್ರದಲ್ಲಿಟ್ಟು ಗಿರ್ರನೆ ತಿರುಗಿಸಿ ತಳಕ್ಕೆ ಇಳಿಸಬೇಕಿತ್ತು.

ಲ್ಯಾಬಿನ ಪಾತ್ರೆ ತೊಳೆಯುವವನ ಬಳಿ ಓಡಿದಳು. "ಅಣ್ಣಾ, ಕಸದ ಚೀಲ ಎಲ್ಲಿ?"

"ಕುಕ್ಕರ್‌ನಲ್ಲಿ ಬೇಯ್ತಿದೆ. ಯಾಕಮ್ಮಾ, ಉಂಗುರ ಬಿತ್ತಾ?"

"ತೆಗಿಯಣ್ಣಾ, ಬೇಗ!"

"ವೈರಸ್ ಕಸ ಅದು. ಅರ್ಧದಲ್ಲಿ ತೆಗೆದ್ರೆ ನೀನೂ ಮನೆಗೆ, ನಾನೂ ಮನೆಗೆ."

ಕಸವನ್ನು ಆವಿಯಲ್ಲಿ ಬೇಯಿಸಿ ವೈರಸ್ ಕೊಲ್ಲುವ ಆ ಯಂತ್ರದ ಒತ್ತಡದ ಮುಳ್ಳು ಏರುತ್ತಲೇ ಇತ್ತು. ಕಾಲೆಳೆದುಕೊಂಡು ವಾಪಸು ಬಂದಳು. ಸೀಸೆಯಲ್ಲಿದ್ದದ್ದು ನೀರಿನಂತೆ ತಿಳಿ. ಪುಡಿ ಇದ್ದಿದ್ದರೂ ಹೀಗೇ ಕಾಣುತ್ತಿತ್ತು. ಯಾರಿಗೂ ಗೊತ್ತಾಗುವ ಹಾಗಿರಲಿಲ್ಲ. ಕೋಶಗಳ ಮೇಲೆ ಇದನ್ನು ಹಾಕಿ, ಆಮೇಲೆ ವೈರಸ್ ಬಿಡುತ್ತಾರೆ. ಪುಡಿಯಿಲ್ಲದೆ ಕೋಶಗಳೆಲ್ಲ ಸಾಯುತ್ತವೆ. ಈ ಪ್ರೋಟೀನಿಗೆ ಕಾಪಾಡುವ ಶಕ್ತಿಯಿಲ್ಲ ಎಂದು ಪ್ರಯೋಗ ನಡೆಸುವ ಮೇಡಂ ಬರೆದುಬಿಡುತ್ತಾರೆ.

ಮೇಡಂ ಆಗಲೇ ಕೈಚಾಚಿದ್ದರು. "ಬೇಗ ಕೊಡಮ್ಮಾ. ಈ ಕೋಶಗಳೂ ನಮ್ಮತ್ತೆ ಥರಾನೇ, ಕಾಯೋ ಜಾಯಮಾನ ಅಲ್ಲ."

ನಗಲು ಹೋದಳು, ತುಟಿ ಬಿರಿಯಲಿಲ್ಲ. ಸೀಸೆ ಕೈ ದಾಟಿತು. ಮೇಡಂ ಅದರೊಳಗೆ ದ್ರವ ಹೀರುವ ಪಿಪೆಟ್ ಅದ್ದಿದರು.

"ಮೇಡಂ, ಬೇಡ! ಅದ್ರಲ್ಲಿ ಏನೂ ಇಲ್ಲ. ತಿರುಗಿಸೋದು ಮರ್ತೆ. ಪುಡಿ ಮುಚ್ಚಳದ ಜೊತೆ ಹೋಯ್ತು."

ಮೇಡಂ ಸೀಸೆಯನ್ನು ಬೆಳಕಿಗೆ ಹಿಡಿದರು. "ಏನೂ ಇಲ್ಲ ಅಂತ ನಿಂಗೆ ಕಾಣುತ್ತಾ?"

"ಕಾಣಲ್ಲ. ಅದಕ್ಕೇ ಭಯ."

ಮೇಡಂ ಪಿಪೆಟ್ ಕೆಳಗಿಟ್ಟರು. "ಒಂದು ಹನಿ ಕೋಶಗಳ ಮೇಲೆ ಬಿದ್ದಿದ್ರೂ, ಬಂದ ಫಲಿತಾಂಶನ ನಾನು ನಂಬಿಬಿಡ್ತಿದ್ದೆ, ಕಣೇ."

ಸೀಸೆ ಹೋಯಿತು, ಬೆಳೆಸಿಟ್ಟ ಕೋಶಗಳು ಹೋದವು, ಕಾಯಂ ಆಗುವುದು ಮುಂದಿನ ವರ್ಷಕ್ಕೆ ಹೋಯಿತು. ಕೆಲಸ ಮಾತ್ರ ಉಳಿಯಿತು.